ಬೀದಿಯಿಲ್ಲದ ಊರಿಗೆ ಬಂದವಳು

ಶೃಂಗೇರಿ ಹತ್ತಿರದ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ದೇವರೆಂದೇ ಹೆಸರು. ಮಳೆ ಬಾರದಿದ್ದರೆ ಬರಲೆಂದು, ಬಂದದ್ದು ಹೆಚ್ಚಾದರೆ ಸಾಕೆಂದು ಇಲ್ಲಿ ಪೂಜೆ ನಡೆಯುತ್ತದೆ. ಬರದ ವರ್ಷಗಳಲ್ಲಿ ಮಂತ್ರಿಗಳೂ ಬಂದು ಪರ್ಜನ್ಯ ಹೋಮ ಮಾಡಿಸಿದ್ದುಂಟು. ಸಿರಿಮನೆ ಜಲಪಾತ ನೋಡಲು ಹೊರಟವರು ದಾರಿಯಲ್ಲಿ ಇಲ್ಲಿ ಕೈಮುಗಿದು ಮುಂದೆ ಹೋಗುತ್ತಾರೆ. ಋಷ್ಯಶೃಂಗನ ಕತೆ ಎಲ್ಲರಿಗೂ ಗೊತ್ತು. ಆ ಕತೆಯೊಳಗೆ ಮದುವೆಯಾಗಿ ದೂರದೂರಿನಿಂದ ಬಂದ ಹೆಣ್ಣೊಬ್ಬಳಿದ್ದಾಳೆ ಎನ್ನುವುದು ಅಷ್ಟಾಗಿ ನೆನಪಾಗುವುದಿಲ್ಲ.

ಬರ ಬಿದ್ದ ಅಂಗದೇಶಕ್ಕೆ ಋಷ್ಯಶೃಂಗನನ್ನು ಉಪಾಯದಿಂದ ಕರೆದೊಯ್ದರು, ಮಳೆ ಬಂತು, ರಾಜ ರೋಮಪಾದ ಮಗಳು ಶಾಂತೆಯನ್ನು ಕೊಟ್ಟು ಮದುವೆ ಮಾಡಿದ. ಮಗ ಹುಟ್ಟಿದ ಮೇಲೆ ಕಾಡಿಗೆ ಮರಳಿ ಬರಬೇಕೆಂದು ತಂದೆ ವಿಭಾಂಡಕ ಹೇಳಿದ್ದ. ಗಂಡನ ಹಿಂದೆ ಶಾಂತೆಯೂ ಹೊರಟಳು. ಮಹಾಭಾರತದ ವನಪರ್ವ ಅವಳನ್ನು ಅರುಂಧತಿ, ಲೋಪಾಮುದ್ರೆಯರ ಸಾಲಿಗೆ ಸೇರಿಸಿ ಕತೆ ಮುಗಿಸಿಬಿಡುತ್ತದೆ. ಅರಮನೆಯ ಹುಡುಗಿ ಈ ಜಡಿಮಳೆಯ ಕಾಡಿನಲ್ಲಿ ಮೊದಲ ಮಳೆಗಾಲ ಹೇಗೆ ಕಳೆದಳು, ಯಾರೊಡನೆ ಯಾವ ಮಾತಾಡಿದಳು ಎಂದು ಕೇಳಿದರೆ ಅಲ್ಲಿ ಉತ್ತರವಿಲ್ಲ. ಮಾವ ವಿಭಾಂಡಕನ ಸನ್ನಿಧಿಯೆಂದು ಹೇಳುವ ಮಲಹಾನಿಕರೇಶ್ವರನ ಗುಡಿ ಶೃಂಗೇರಿ ಪೇಟೆಯ ನಡುವಿನ ಗುಡ್ಡದ ಮೇಲಿದೆ. ಮಗ ಸೊಸೆ ಕಿಗ್ಗದಲ್ಲಿ. ಆಗಿನ ಕಾಲಕ್ಕೇ ಬೇರೆ ಮನೆ ಮಾಡಿದ್ದರು ಅನ್ನಿ.

ಅಂಗದೇಶವೆಂದರೆ ಇಂದಿನ ಬಿಹಾರದ ಭಾಗಲ್ಪುರ, ಮುಂಗೇರ್ ಸೀಮೆ. ಭಾಗಲ್ಪುರಕ್ಕೂ ಬೆಂಗಳೂರಿಗೂ ನಡುವೆ ಓಡುವ ರೈಲಿಗೆ ಈಗಲೂ ಅಂಗ ಎಕ್ಸ್‌ಪ್ರೆಸ್ ಎಂದೇ ಹೆಸರು. ಆ ರೈಲಿನಲ್ಲಿ, ಗುವಾಹಟಿ ಕಡೆಯಿಂದ ಬರುವ ಇನ್ನೂ ಉದ್ದದ ರೈಲುಗಳಲ್ಲಿ, ರಾಂಚಿಯಿಂದ ಹೊರಟವುಗಳಲ್ಲಿ ಕುಳಿತು ಬಂದ ಹೆಂಗಸರು ಇವತ್ತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುತ್ತಿದ್ದಾರೆ, ಅಡಿಕೆ ಹೆಕ್ಕುತ್ತಿದ್ದಾರೆ, ಕಳೆ ತೆಗೆಯುತ್ತಿದ್ದಾರೆ. ನಮ್ಮ ಮನೆಯ ಹುಡುಗಿಯರು ಬೆಂಗಳೂರಿಗೆ ಹೋದ ಮೇಲೆ ತೋಟದಲ್ಲಿ ಉಂಟಾದ ಜಾಗವನ್ನು ತುಂಬಿದವರು ಅವರು. ಹೋದವಳಿಗೆ ಪೇಯಿಂಗ್ ಗೆಸ್ಟ್ ಮನೆ ಹೇಗಿದೆ, ಊಟ ಸರಿಯಿದೆಯೇ ಎಂದು ದಿನಾ ಫೋನು ಮಾಡಿ ವಿಚಾರಿಸುತ್ತೇವೆ. ಬಂದವಳು ಎಲ್ಲಿ ಮಲಗುತ್ತಾಳೆ ಎಂದು ಪಕ್ಕದ ತೋಟದವರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಇದಕ್ಕೆ ಮಲೆನಾಡಿನವರ ಮನಸ್ಸು ಸಣ್ಣದೆಂದು ಕಾರಣ ಕೊಡುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ನಮ್ಮಲ್ಲಿ ಊರೇ ಇಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಮನೆಗೆ ಮನೆ ಅಂಟಿಕೊಂಡ ಬೀದಿ, ಅರಳಿಕಟ್ಟೆ, ಸೇದುವ ಬಾವಿ, ಬೋರ್‌ವೆಲ್ಲಿನ ಮುಂದೆ ಕೊಡಗಳ ಸಾಲು. ಹೊಸದಾಗಿ ಬಂದವಳು ಕೊಡ ಹಿಡಿದು ಆ ಸಾಲಿನಲ್ಲಿ ನಿಂತರೆ ಸಾಕು, ವಾರದೊಳಗೆ ನಾಲ್ಕು ಜನರ ಪರಿಚಯವಾಗುತ್ತದೆ, ಒಂದು ಜಗಳವೂ ಆಗುತ್ತದೆ. ಜಗಳವೂ ಒಂದು ಪರಿಚಯವೇ. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ, ನಡುವೆ ತೋಟ, ಹಳ್ಳ, ಸಂಕ, ಒಂದು ನಾಯಿ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ನೇರ ಬಚ್ಚಲಿಗೇ ಬರುತ್ತದೆ. ನೀರಿಗೆಂದು ಯಾರೂ ಯಾರನ್ನೂ ಭೇಟಿಯಾಗಬೇಕಾಗಿಲ್ಲ. ಗಂಡಸರಿಗಾದರೂ ಕ್ರಾಸಿನ ಕ್ಯಾಂಟೀನಿದೆ, ಸೊಸೈಟಿಯಿದೆ. ಹೆಂಗಸಿಗೆ, ಅದರಲ್ಲೂ ನೆಂಟರಿಲ್ಲದ ಹೆಂಗಸಿಗೆ, ನಿಂತು ಮಾತಾಡಲು ಜಾಗವೇ ಇಲ್ಲ. ಇಲ್ಲೇ ಹುಟ್ಟಿದವರಿಗೆ ಮದುವೆ, ಸೂತಕ, ದೇವಸ್ಥಾನದ ತೇರು, ಸತ್ಯನಾರಾಯಣ ಪೂಜೆ ಎಂಬ ದಾರಿಗಳಿವೆ. ಹೊರಗಿನವಳಿಗೆ ಅವುಗಳಿಗೆ ಕರೆ ಬರುವುದಿಲ್ಲ. ಬಂದರೂ ಪಾತ್ರೆ ತೊಳೆಯಲು.

ಹೊರಗಿನಿಂದ ಜನ ಬರುವುದು ಇಲ್ಲಿ ಹೊಸದೇನಲ್ಲ. ಕಾಫಿ ಬೆಳೆ ಹಬ್ಬಿದ ಕಾಲದಿಂದಲೂ ಆಳು ಬರುತ್ತಿದ್ದದ್ದು ಘಟ್ಟದ ಕೆಳಗಿನಿಂದ. ಸೇರೆಗಾರ ಮುಂಗಡ ಕೊಟ್ಟು ಜನ ಕಟ್ಟಿಕೊಂಡು ಘಾಟಿ ಹತ್ತಿಸುತ್ತಿದ್ದ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಐತ, ಪೀಂಚಲು ಮರೆಯುವುದಿಲ್ಲ. ಅವರೂ ಹಾಗೆ ಮೇಲೆ ಬಂದ ಕೂಲಿಯವರೇ. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದು ಹೆಸರು. ಮಲೇರಿಯಾ ಭಯಕ್ಕೆ ಈ ಕಡೆಗೆ ಹೆಣ್ಣು ಕೊಡಲು ಹೊರಗಿನವರು ಹಿಂಜರಿಯುತ್ತಿದ್ದ ಕಾಲ ಅದು. ಹೆರಿಗೆಗಿಂತ ಸಾವು ಹೆಚ್ಚೆಂಬ ಮಾತು ಅಜ್ಜಿಯಂದಿರ ಬಾಯಲ್ಲಿತ್ತು. ಆದರೂ ತುಳು ಮಾತಾಡುವ ಹೆಂಗಸರು ಬಂದರು, ತೋಟದ ಕೂಲಿಯವರ ಲೈನು ಮನೆಗಳಲ್ಲಿ ಹೆತ್ತರು, ಅವರ ಮೊಮ್ಮಕ್ಕಳು ಈಗ ಗ್ರಾಮ ಪಂಚಾಯಿತಿಗೆ ನಿಲ್ಲುತ್ತಾರೆ. ಅವರ ಜತೆ ಭೂತವೂ ಘಟ್ಟ ಹತ್ತಿತು, ಕೋರಿರೊಟ್ಟಿಯೂ ಹತ್ತಿತು.

ನರಸಿಂಹರಾಜಪುರದ ಕಡೆ ಇನ್ನೊಂದು ಅಲೆ ಕೇರಳದಿಂದ ಬಂತು. ಕಾಡಂಚಿನ ಜಾಗ ಕೊಂಡು ಮರಗೆಣಸು, ಶುಂಠಿ, ಕಾಳುಮೆಣಸು, ರಬ್ಬರ್ ಹಾಕಿದ ಕುಟುಂಬಗಳು. ಅವರ ಹೆಂಗಸರು ಇಲ್ಲಿ ಬೇಗ ಕಾಲೂರಿದ್ದಕ್ಕೆ ಒಂದು ಕಾರಣವಿದೆ. ಅವರು ಬಂದದ್ದು ಗುಂಪಾಗಿ, ನೆಲದ ಒಡೆಯರಾಗಿ. ಇಗರ್ಜಿ ಕಟ್ಟಿಕೊಂಡರು, ಬೀದಿಯಿಲ್ಲದ ಊರಿನಲ್ಲಿ ಪ್ರತಿ ಭಾನುವಾರ ಒಂದು ಬೀದಿಯನ್ನು ಅವರೇ ಹುಟ್ಟಿಸಿಕೊಂಡಂತಾಯಿತು. ಮಕ್ಕಳು ಕನ್ನಡ ಶಾಲೆಗೆ ಹೋದರು, ಮನೆಯಲ್ಲಿ ಮಲಯಾಳ, ಸಂತೆಯಲ್ಲಿ ಕನ್ನಡ. ಒಂದು ತಲೆಮಾರು ಸಾಕಾಯಿತು. ಭೂಮಿಯಿದ್ದವಳಿಗೆ ಒಂದು ತಲೆಮಾರು ಎನ್ನುವುದನ್ನು ಮಾತ್ರ ಮರೆಯಬಾರದು.

ಈಗ ಬರುತ್ತಿರುವವಳಿಗೆ ಭೂಮಿಯಿಲ್ಲ, ಮನೆಯೂ ಅವಳದಲ್ಲ, ಎಷ್ಟು ದಿನ ಇರುತ್ತಾಳೆಂಬುದು ಅವಳಿಗೂ ಗೊತ್ತಿಲ್ಲ. ಒಂದು ತೋಟದಲ್ಲಿ ಕೊಯ್ಲು ಮುಗಿದರೆ ಏಜೆಂಟ್ ಇನ್ನೊಂದು ತೋಟಕ್ಕೆ ಕಳಿಸುತ್ತಾನೆ. ನಮ್ಮವರು ಇವರನ್ನೆಲ್ಲ ಒಟ್ಟಾಗಿ ‘ಅಸ್ಸಾಮಿನವರು’ ಎನ್ನುತ್ತಾರೆ, ಇಲ್ಲವೇ ‘ಹಿಂದಿಯವರು’. ಅವರಲ್ಲಿ ಬಂಗಾಳಿ ಮಾತಾಡುವ ಮುಸ್ಲಿಂ ಹೆಂಗಸರಿದ್ದಾರೆ, ಸಾದ್ರಿ ಮಾತಾಡುವ ಜಾರ್ಖಂಡದ ಆದಿವಾಸಿಗಳಿದ್ದಾರೆ. ಅಸ್ಸಾಮಿನ ಚಹಾ ತೋಟಗಳಿಂದ ಬಂದವರೂ ಇದ್ದಾರೆ. ಅವರ ಮುತ್ತಜ್ಜಿಯರನ್ನು ಬ್ರಿಟಿಷರ ಕಾಲದಲ್ಲಿ ಛೋಟಾನಾಗಪುರದಿಂದ ಅಲ್ಲಿಗೆ ಸಾಗಿಸಿದ್ದರು. ಅವರಿಗೆ ಇದು ಮನೆತನದಲ್ಲಿ ಎರಡನೆಯ ವಲಸೆ.

ಕನ್ನಡ ಕಲಿಯಲಿ, ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕಲಿಯಬೇಕು, ನಿಜ. ಎಲ್ಲಿ ಕಲಿಯುತ್ತಾಳೆ? ತೋಟದಲ್ಲಿ ಅವಳ ಜತೆ ಕೆಲಸ ಮಾಡುವವರು ಅವಳ ಊರಿನವರೇ. ಮೇಸ್ತ್ರಿಯೂ ಅವಳದೇ ಭಾಷೆಯವನು, ಲೆಕ್ಕ ಬರೆಯುವ ರೈಟರಿಗೆ ಒಡಕು ಹಿಂದಿ ಬರುತ್ತದೆ. ‘ಬಾ’, ‘ಬೇಗ’, ‘ಹಾಜರಿ’, ‘ಸಾಕು’ ಎಂಬ ನಾಲ್ಕು ಮಾತಿನಲ್ಲಿ ವರ್ಷ ಕಳೆಯಬಹುದು.

ಹಿಂದೆ ಮಾತು ಕಲಿಯಲು ಒಂದು ಜಾಗವಿತ್ತು, ಅಡಿಕೆ ಸುಲಿತದ ಚಪ್ಪರ. ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆ ಗೊನೆ ಇಳಿದ ದಿನ ಸಂಜೆಯಿಂದಲೇ ಸುತ್ತಲಿನ ಹೆಂಗಸರು ಬಂದು ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಕೂಲಿ ಡಬ್ಬದ ಲೆಕ್ಕದಲ್ಲಿ. ಹಸಿ ಅಡಿಕೆ ಇಟ್ಟರೆ ಕೆಡುತ್ತದೆ, ಅಂದಂದಿನದನ್ನು ಸುಲಿದು ಬೇಯಿಸಲೇಬೇಕು. ಹಾಗಾಗಿ ಕೆಲವು ದಿನ ರಾತ್ರಿ ಹನ್ನೊಂದಾದರೂ ಏಳುವಂತಿಲ್ಲ. ಪಕ್ಕದಲ್ಲಿ ಒಲೆಯ ಮೇಲೆ ಹಂಡೆ ಕುದಿಯುತ್ತಿರುತ್ತದೆ, ಬೆಂಕಿಯ ಬಿಸಿ ಬೆನ್ನಿಗೆ, ಭದ್ರಾವತಿ ಆಕಾಶವಾಣಿಯ ಹಾಡು ಕಿವಿಗೆ, ಬಾಯಿಗೆ ಎಲೆಯಡಿಕೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿಗೆ ಬಿಡುವಿರುತ್ತದೆ. ಯಾರ ಮಗಳು ಯಾರ ಜತೆ ಓಡಿದಳು, ಯಾವ ಅಮ್ಮಾವ್ರು ಕಾಫಿಗೆ ಹಾಲು ಹಾಕುವುದಿಲ್ಲ, ಯಾವ ಡಾಕ್ಟರ ಕೈಗುಣ ಒಳ್ಳೆಯದು, ಎಲ್ಲ ಅಲ್ಲೇ ತಿಳಿಯುವುದು. ಘಟ್ಟದ ಕೆಳಗಿನವಳು ಇಲ್ಲಿನ ಮಾತು ಕಲಿತದ್ದು ಆ ಸಾಲಿನಲ್ಲಿ ಕೂತೇ. ಚಪ್ಪರದಲ್ಲೂ ಜಾತಿಯ ಅಂತರ ಇತ್ತು. ಕಾಫಿ ಲೋಟ ಬೇರೆ, ಕೂರುವ ಜಾಗ ಬೇರೆ. ಅದನ್ನು ಚಂದಗಾಣಿಸಿ ಬರೆಯಲಾರೆ. ಆದರೆ ಮಾತು ಎಲ್ಲರ ನಡುವೆಯೂ ಹರಿದಾಡುತ್ತಿತ್ತು.

ಈಗ ಸುಲಿಯುವ ಯಂತ್ರ ಬಂದಿದೆ. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟವರ ಮನೆಯಲ್ಲಂತೂ ಅಡಿಕೆ ಅಂಗಳಕ್ಕೆ ಬರುವುದೇ ಇಲ್ಲ. ಯಂತ್ರಕ್ಕೆ ಅಡಿಕೆ ತುಂಬಿ ಕೊಡುವ ಅಸ್ಸಾಮಿನ ಹೆಣ್ಣುಮಗಳ ಎದುರು ಇನ್ನೊಬ್ಬ ಹೆಂಗಸು ನಿಂತಿದ್ದರೂ ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ.

ಇನ್ನೊಂದು ಜಾಗ ಬಸ್ಸು. ಮಲೆನಾಡಿಗೆ ಬೀದಿಯಿದ್ದರೆ ಅದು ಬಸ್ಸಿನೊಳಗೆ. ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಖಾಸಗಿ ಬಸ್ಸು ಕಂಪನಿ ನಿಂತಾಗ 1991ರಲ್ಲಿ ಕೊಪ್ಪದಲ್ಲಿ ಅದರ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಅದರ ಕಂಡಕ್ಟರಿಗೆ ಯಾವ ತೋಟದ ಯಾವ ಹೆಂಗಸು ಎಲ್ಲಿ ಇಳಿಯುತ್ತಾಳೆಂದು ಗೊತ್ತಿರುತ್ತಿತ್ತು. 2020ರಲ್ಲಿ ಆ ಬಸ್ಸುಗಳೂ ನಿಂತವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ನಮ್ಮ ಒಳದಾರಿಗಳಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು, ಅಲ್ಲಿ ಆ ಯೋಜನೆ ಇಲ್ಲ. ಸರ್ಕಾರಿ ಬಸ್ಸೇ ಸಿಕ್ಕಿದರೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅಸ್ಸಾಮಿನ ಆಧಾರ್ ತೋರಿಸಿದವಳು ದುಡ್ಡು ಕೊಡಬೇಕು. ಹಾಗಾಗಿ ಸಂತೆಗೆ ಗಂಡಸು ಒಬ್ಬನೇ ಹೋಗಿ ಎಲ್ಲರ ಸಾಮಾನು ತರುತ್ತಾನೆ, ಇಲ್ಲವೇ ವಾರಕ್ಕೊಮ್ಮೆ ಎಸ್ಟೇಟಿನ ಪಿಕಪ್ಪಿನಲ್ಲಿ ಎಲ್ಲರನ್ನೂ ಪೇಟೆಗೆ ಬಿಟ್ಟು ಎರಡು ತಾಸಿನಲ್ಲಿ ವಾಪಸು ತುಂಬಿಕೊಂಡು ಬರುತ್ತಾರೆ.

ವಿಳಾಸದ ಮಾತು ಬಂತು, ಅದನ್ನು ಮುಗಿಸಿಬಿಡೋಣ. ಲೈನು ಮನೆಗೆ ಬಾಡಿಗೆ ಕರಾರು ಇರುವುದಿಲ್ಲ. ಧಣಿ ಒಂದು ಪತ್ರ ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೆದುಕೊಟ್ಟರೆ ನಾಳೆ ಏನೋ ಹಕ್ಕು ಕೇಳಿಯಾರು ಎಂಬ ಅಂಜಿಕೆ ಅವರಿಗೆ. ಇಲ್ಲಿನ ಪಡಿತರ ಚೀಟಿಯಿಲ್ಲದೆ ಗೃಹಲಕ್ಷ್ಮಿಯ ಎರಡು ಸಾವಿರವಿಲ್ಲ. ಆ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಹೆಸರಿರಬೇಕು. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಬೇರೆ ರಾಜ್ಯದ ಚೀಟಿಯಲ್ಲೂ ಇಲ್ಲಿ ಅಕ್ಕಿ ಪಡೆಯಬಹುದು. ಆ ವ್ಯವಸ್ಥೆಗೆ ದೇಶದಲ್ಲಿ ಎಲ್ಲರಿಗಿಂತ ಕೊನೆಗೆ, 2022ರ ಜೂನಿನಲ್ಲಿ, ಸೇರಿದ್ದು ಅಸ್ಸಾಂ. ಇನ್ನು ಸರ್ವರ್ ಸಿಕ್ಕಬೇಕು, ಅಡಿಕೆ ಚೊಗರಿಗೆ ಕಪ್ಪಾಗಿ ಸವೆದ ಬೆರಳನ್ನು ಯಂತ್ರ ಒಪ್ಪಬೇಕು. ಅದು ನಮ್ಮ ಹೆಂಗಸರಿಗೂ ಇರುವ ತಾಪತ್ರಯವೇ.

ಅಸ್ಸಾಮಿನ ಹೆಂಗಸಿಗೆ ಕಾಗದವೆಂದರೆ ಹಸಿವಿಗಿಂತ ದೊಡ್ಡ ಭಯ. 2019ರ ಆಗಸ್ಟ್ 31ರಂದು ಅಲ್ಲಿನ ಪೌರತ್ವ ನೋಂದಣಿಯ ಕೊನೆಯ ಪಟ್ಟಿ ಬಂದಾಗ 19 ಲಕ್ಷ ಜನರ ಹೆಸರು ಇರಲಿಲ್ಲ. ಗಂಡಸು ಅಪ್ಪನ ಮನೆಯಲ್ಲೇ ಉಳಿದಿರುತ್ತಾನೆ, ಅವನ ಕಾಗದಗಳು ಒಂದೇ ಊರಿನ ಹೆಸರು ಹೇಳುತ್ತವೆ. ಶಾಲೆಗೆ ಹೋಗದೆ, ಎಳವೆಯಲ್ಲೇ ಮದುವೆಯಾಗಿ ಬೇರೆ ಊರಿಗೆ ಹೋದವಳಿಗೆ ಅಪ್ಪನ ಮಗಳೆಂದು ತೋರಿಸಲು ಪಂಚಾಯಿತಿ ಕಾರ್ಯದರ್ಶಿಯ ಒಂದು ಪ್ರಮಾಣಪತ್ರವೇ ಗತಿ. ಅದು ನಡೆಯುವುದಿಲ್ಲವೆಂದು ಗುವಾಹಟಿ ಹೈಕೋರ್ಟ್ ಹೇಳಿ, ಪರಿಶೀಲಿಸಿ ಒಪ್ಪಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅಷ್ಟು ದಾಟಿ ಬಂದವಳಿಗೆ ಇಲ್ಲೂ ಆಗಾಗ ಪೊಲೀಸರು ಬಂದು ಕಾರ್ಡು ಕೇಳುತ್ತಾರೆ. ಎಸ್ಟೇಟಿನವರು ಎಲ್ಲರ ಆಧಾರ್ ಪ್ರತಿ ಠಾಣೆಗೆ ಕೊಡಬೇಕೆಂಬ ಸೂಚನೆ ಬರುತ್ತದೆ. ಹೊರಗಿನವರ ದಾಖಲೆ ಇರಲಿ ಎನ್ನುವುದರಲ್ಲಿ ತಪ್ಪಿಲ್ಲ; ಅದು ಕೂಲಿ ಬಾಕಿ ಕೇಳಲೂ ಉಪಯೋಗಕ್ಕೆ ಬರಬೇಕಾದ ದಾಖಲೆ. ಆದರೆ ದಾರಿಹೋಕರೂ ‘ಬಾಂಗ್ಲಾದವಳಾ?’ ಎಂದು ಕೇಳಿಬಿಡುತ್ತಾರೆ. ಅದಕ್ಕೆ ಉತ್ತರವಾಗಿ ಅವಳು ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೈಮೇಲೇ ಇಟ್ಟುಕೊಳ್ಳುತ್ತಾಳೆ.

ಆಸ್ಪತ್ರೆಯ ಸಂಗತಿ ಇದಕ್ಕಿಂತ ಸೂಕ್ಷ್ಮ. ಆಶಾ ಕಾರ್ಯಕರ್ತೆಯರು ನಡೆದು ಲೈನಿಗೆ ಹೋಗುತ್ತಾರೆ, ಗರ್ಭಿಣಿಯರಿಗೆ ತಾಯಿ ಕಾರ್ಡು ಮಾಡಿಸುತ್ತಾರೆ, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುತ್ತಾರೆ. ಈ ತಾಲ್ಲೂಕುಗಳಲ್ಲಿ ವಲಸೆ ಹೆಂಗಸಿನ ಮನೆ ಬಾಗಿಲಿಗೆ ಹೋಗಿ ಹೆಸರು ಹಿಡಿದು ಮಾತಾಡಿಸುವ ಸ್ಥಳೀಯ ಹೆಂಗಸು ಯಾರಾದರೂ ಇದ್ದರೆ ಅದು ಆಶಾ, ಇಲ್ಲವೇ ಅಂಗನವಾಡಿ ಟೀಚರು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಎದುರು ಕೂತಾಗ ಮಾತಿಗೆ ಯಾರು? ಬಹಳ ಸಲ ಎಂಟೊಂಬತ್ತು ವರ್ಷದ ಮಗಳು. ಶಾಲೆಯಲ್ಲಿ ಕನ್ನಡ ಕಲಿತಿರುವವಳು ಅವಳೊಬ್ಬಳೇ. ಅಮ್ಮನ ಮುಟ್ಟು ಎಷ್ಟು ದಿನದಿಂದ ನಿಂತಿದೆ, ರಕ್ತ ಹೋಗುತ್ತಿದೆಯೇ, ಮೈಮೇಲಿನ ಬಾಸುಂಡೆ ಹೇಗಾಯಿತು ಎಂದು ಡಾಕ್ಟರು ಕೇಳಿದ್ದನ್ನು ಆ ಮಗು ಅಮ್ಮನಿಗೆ ಹೇಳಬೇಕು, ಅಮ್ಮ ಹೇಳಿದ್ದನ್ನು ಡಾಕ್ಟರಿಗೆ ಹೇಳಬೇಕು. ಕೆಲವು ತಾಯಂದಿರು ತಲೆನೋವು ಎಂದಷ್ಟೇ ಹೇಳಿ ಎದ್ದು ಬರುತ್ತಾರೆ.

ಮಂಗನ ಕಾಯಿಲೆಯದೂ ಇದೇ ಕತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಚಳಿಗಾಲ ಕಳೆಯುತ್ತಿದ್ದಂತೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಹೆದರಿಕೆ ಹುಟ್ಟಿಸುತ್ತದೆ. ಉಣ್ಣೆ ಕಚ್ಚಿ ಬರುವ ರೋಗ. ದರಗು ಗುಡಿಸುವವರಿಗೆ, ಸೌದೆ ತರುವವರಿಗೆ ಮೊದಲು. ಅಂದರೆ ಹೆಂಗಸರಿಗೆ. ಕಾಡಿಗೆ ಹೋಗುವ ಮೊದಲು ಮೈಗೆ ಎಣ್ಣೆ ಹಚ್ಚಿ, ಬಂದು ಬಿಸಿನೀರಲ್ಲಿ ಸ್ನಾನ ಮಾಡಿ, ಮಂಗ ಸತ್ತದ್ದು ಕಂಡರೆ ತಿಳಿಸಿ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಕೊಂಡು ಹೋಗುತ್ತಾರೆ. ಕನ್ನಡದಲ್ಲಿ. ಈ ಕಾಡಿನ ಜ್ವರದ ಹೆಸರನ್ನೇ ಕೇಳದವಳಿಗೆ ಅದು ಸಂತೆಯ ಜಾಹೀರಾತಿನಂತೆಯೇ ಕೇಳುತ್ತದೆ.

ಮಗುವನ್ನು ಎಲ್ಲಿ ಬಿಡುವುದು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಮನೆ, ಆಸ್ಪತ್ರೆ, ಶಿಶುಗೃಹ ಎಲ್ಲ ಇದ್ದವು. 50 ಹೆಂಗಸರು ಕೆಲಸಕ್ಕಿದ್ದರೆ ಅಥವಾ ಅವರ ಮಕ್ಕಳು 20 ಇದ್ದರೆ ಶಿಶುಗೃಹ ನಡೆಸಬೇಕೆಂದು ಅದು ಹೇಳಿತು. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ನೂರಾರು ಎಕರೆಯ ಚಹಾ ತೋಟಗಳು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನವು. ಅಡಿಕೆ ತೋಟ ಇನ್ನೂ ಸಣ್ಣದು. ಐದಾರು ಆಳಿನ ತೋಟಕ್ಕೆ ಯಾವ ಶಿಶುಗೃಹ? ಕೊನೆಗೆ ಅಕ್ಕನ ಸೊಂಟದಲ್ಲಿ ತಮ್ಮ, ಅಕ್ಕ ಶಾಲೆಗೆ ಗೈರು.

ಇನ್ನೊಂದು ಬಗೆಯವಳಿದ್ದಾಳೆ. ಅವಳು ಕೂಲಿಗೆ ಬಂದವಳಲ್ಲ, ಸೊಸೆಯಾಗಿ ಬಂದವಳು. ಊರಲ್ಲಿ ಉಳಿದು ಕೃಷಿ ಮಾಡುವ ಹುಡುಗನಿಗೆ ಹೆಣ್ಣು ಸಿಗದಿರುವುದು ಅಡಿಕೆ ಸೀಮೆಯಲ್ಲೆಲ್ಲ ಹಳೆಯ ಸುದ್ದಿಯಾಯಿತು. ಶಿರಸಿ, ಯಲ್ಲಾಪುರದಿಂದ ನಮ್ಮ ಕಡೆಯವರೆಗೂ ಉತ್ತರ ಭಾರತದಿಂದ ಹೆಣ್ಣು ತಂದ ಮನೆಗಳಿವೆ. 2011ರ ಜನಗಣತಿ ಎಣಿಸಿದ ಸುಮಾರು 45 ಕೋಟಿ ವಲಸಿಗರಲ್ಲಿ ಹೆಂಗಸರೇ ಹೆಚ್ಚು, ಅವರು ಕೊಟ್ಟ ಕಾರಣಗಳಲ್ಲಿ ಮದುವೆಯೇ ಎಲ್ಲಕ್ಕಿಂತ ಮುಂದೆ. ಮದುವೆಯಾಗಿ ಊರು ಬಿಡುವುದನ್ನು ನಾವು ವಲಸೆಯೆಂದು ಎಣಿಸುವುದೇ ಇಲ್ಲ, ಅಷ್ಟೆ. ಈ ಸೊಸೆಗೆ ಪಡಿತರ ಚೀಟಿ ಸಿಗುತ್ತದೆ, ತಾಳಿ ಇದೆ, ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ‘ಪಾಪ, ಬೇಗ ಕಲ್ತುಕೊಂಡ್ಳು’ ಎಂದು ಬಂದವರೆದುರು ಹೊಗಳುತ್ತಾರೆ. ಆದರೆ ರೊಟ್ಟಿ ಬಡಿಯುವ ಕೈಗೆ ಅಕ್ಕಿ ಕಡುಬು, ಪತ್ರೊಡೆ, ಕಳಲೆ ಪಲ್ಯ. ಮಡಿ ಯಾವುದು ಮೈಲಿಗೆ ಯಾವುದು ಎಂಬುದು ದಿನಾ ಹೊಸ ಪರೀಕ್ಷೆ. ಆಷಾಢದ ಮಳೆಯಲ್ಲಿ ನಾಲ್ಕು ದಿನ ಕರೆಂಟಿಲ್ಲ, ಟವರು ಸತ್ತರೆ ತವರಿನ ದನಿಯೂ ಇಲ್ಲ. ಲೈನಿನಲ್ಲಿರುವ ಜಾರ್ಖಂಡದ ಹೆಂಗಸಿಗೆ ಸಂಜೆಯಾದರೆ ತನ್ನ ಭಾಷೆಯಲ್ಲಿ ಬೈಯಲಾದರೂ ಜನವಿದ್ದಾರೆ. ದೊಡ್ಡಮನೆಯ ಸೊಸೆಗೆ ಅದೂ ಇಲ್ಲ. ಅದೇ ತೋಟದ ಕೆಲಸಕ್ಕೆ ಬಂದ ಬಿಹಾರದ ಹೆಂಗಸಿನ ಜತೆ ಅವಳು ಹಿತ್ತಿಲಲ್ಲಿ ನಿಂತು ಹತ್ತು ನಿಮಿಷ ಹೆಚ್ಚು ಮಾತಾಡಿದರೆ ಅತ್ತೆಗೆ ಸರಿಬರುವುದಿಲ್ಲ: ಆಳಿನವರ ಜತೆ ಏನು ಅಷ್ಟು ಮಾತು?

ಸ್ವಸಹಾಯ ಸಂಘಗಳು ನಮ್ಮ ಹೆಂಗಸರಿಗೆ ವಾರಕ್ಕೊಂದು ಗಂಟೆಯ ಬೀದಿ ಕೊಟ್ಟವು. ಧರ್ಮಸ್ಥಳ ಯೋಜನೆಯ ಸಂಘವಿರಲಿ, ಸಂಜೀವಿನಿ ಒಕ್ಕೂಟವಿರಲಿ, ಮನೆಯಿಂದ ಹೊರಡಲು ಅದೊಂದು ಒಪ್ಪಿತ ಕಾರಣ. ಸೊಸೆ ಅಲ್ಲಿಗೆ ಸೇರಬಹುದು, ಸೇರುತ್ತಾಳೆ ಕೂಡ. ಕೂಲಿಯವಳು ಸೇರಲಾರಳು; ಸಾಲದ ಜವಾಬ್ದಾರಿ ಗುಂಪಿನದು, ನಾಳೆ ಹೊರಟುಹೋಗುವವಳಿಗೆ ಯಾರು ಹೊಣೆ ನಿಲ್ಲುತ್ತಾರೆ? ಆ ಹೆಂಗಸರ ಅಂಜಿಕೆಯನ್ನು ತಪ್ಪೆನ್ನಲಾರೆ.

ಹಾಗಾದರೆ ಅವಳಿಗೆ ಕಾಗದ ಕೇಳದ, ಜಾಮೀನು ಕೇಳದ ಬಾಗಿಲು ಯಾವುದು? ನನಗೆ ಕಾಣುವುದು ಒಂದೇ, ಶಾಲೆ. ನಮ್ಮ ಕಡೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ಮಕ್ಕಳು ಸಿಕ್ಕರೆ ಪುಣ್ಯ. ನಮ್ಮ ಮಕ್ಕಳು ಹಳದಿ ವ್ಯಾನು ಹತ್ತಿ ಕಾನ್ವೆಂಟಿಗೆ ಹೋದ ಮೇಲೆ, ಬೀಗ ಬೀಳದೆ ಉಳಿದ ಕೆಲವು ಶಾಲೆಗಳು ತೋಟದ ಲೈನಿನ ಮಕ್ಕಳಿಂದಾಗಿ ಉಳಿದಿವೆ. ಅಸ್ಸಾಮಿನ ಮಗು ಬೆಳಿಗ್ಗೆ ನಾಡಗೀತೆ ಹಾಡುತ್ತದೆ, ನಮ್ಮ ಮಕ್ಕಳಿಗಿಂತ ಸ್ಪಷ್ಟವಾಗಿ ಕಾಗುಣಿತ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಸರ್ಕಾರಿ ಶಾಲೆಗೂ ಒಂದು ಸಮಿತಿ ಬೇಕು, ನಮ್ಮಲ್ಲಿ ಎಸ್‌ಡಿಎಂಸಿ ಎನ್ನುವುದು ಅದನ್ನೇ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಯಾವ ಊರಿನ ಆಧಾರ್ ಎಂದು ಕಾಯ್ದೆ ಕೇಳಿಲ್ಲ. ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ಸಾಕು. ಏಳು ಮಕ್ಕಳಲ್ಲಿ ಐದು ಲೈನಿನವಾಗಿದ್ದರೆ ಸಮಿತಿಯ ಹೆಚ್ಚಿನ ಕುರ್ಚಿ ನ್ಯಾಯವಾಗಿ ಲೈನಿನ ತಾಯಂದಿರದು. ಅಲ್ಲಿ ಅವಳು ಬಿಸಿಯೂಟದ ಬೇಳೆ ಸರಿಯಿಲ್ಲವೆಂದು ಹೇಳಬಹುದು, ಪಂಚಾಯಿತಿ ಸದಸ್ಯೆಯ ಪಕ್ಕದಲ್ಲಿ ಕೂರಬಹುದು, ಬೇಕಿದ್ದರೆ ಜಗಳವನ್ನೂ ಆಡಬಹುದು.

ಸದ್ಯಕ್ಕೆ ಸಭೆಯ ನೋಟಿಸನ್ನು ಮಗುವಿನ ಡೈರಿಯಲ್ಲಿ ಕನ್ನಡದಲ್ಲಿ ಬರೆದು ಕಳಿಸುತ್ತಾರೆ, ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತಾರೆ. ಆ ಹೊತ್ತಿಗೆ ಅವಳು ಬುಟ್ಟಿ ಕಟ್ಟಿಕೊಂಡು ತೋಟದಲ್ಲಿರುತ್ತಾಳೆ. ಬಂದರೆ ಅರ್ಧ ದಿನದ ಹಾಜರಿ ಹೋಗುತ್ತದೆ. ಸಭೆಯನ್ನು ಭಾನುವಾರಕ್ಕೆ ಹಾಕಲು ಯಾವ ಆದೇಶವೂ ಬೇಕಾಗಿಲ್ಲ, ಹೆಡ್‌ಮಾಸ್ಟರರೂ ಪಕ್ಕದ ತೋಟದ ಧಣಿಯೂ ಫೋನಿನಲ್ಲಿ ಒಮ್ಮೆ ಮಾತಾಡಿಕೊಂಡರೆ ಆಗುತ್ತದೆ. ಒಬ್ಬರ ಹತ್ತಿರ ಇನ್ನೊಬ್ಬರ ನಂಬರು ಇದೆ.